ಆಫ್ರಿಕಾಕ್ಕೆ ಚರ್ಚ್‌ಗಳ ಸೇವಾ ಪ್ರವಾಸ: ಎರಡು ವಾರದ ಭೇಟಿಯಿಂದ ಹಳ್ಳಿಗೆ ಉಳಿಯುವುದೇನು?

ಸಾಂತಾಕ್ರೂಜ್ (ಮುಂಬೈ): ಎರಡು ವಾರದ ಪ್ರವಾಸ, ನಾಲ್ಕಾರು ಹಳ್ಳಿಗಳ ಭೇಟಿ, ಹೊಸ ಕೊಳವೆಬಾವಿಯ ಮುಂದೆ ಒಂದು ಗ್ರೂಪ್ ಫೋಟೊ. ಆಫ್ರಿಕಾದ ಸಮುದಾಯ ಅಭಿವೃದ್ಧಿ ಯೋಜನೆಗಳನ್ನು ನೋಡಲು ಹೋಗುವ ಕ್ರೈಸ್ತ ತಂಡಗಳ 'ಮಿಷನ್ ಟ್ರಿಪ್' ಎಂದರೆ ಬಹುತೇಕರ ಕಣ್ಣಮುಂದೆ ಬರುವ ಚಿತ್ರ ಇದು. ಅಮೆರಿಕ ಮತ್ತು ಯುರೋಪಿನ ಚರ್ಚ್‌ಗಳಲ್ಲಿ ಇದು ದಶಕಗಳ ರೂಢಿ. ಆದರೆ 2025ರ ನಂತರ ಈ ಭೇಟಿಗಳನ್ನು ಹಳೆಯ ಕಣ್ಣಿನಿಂದ ನೋಡಲು ಸಾಧ್ಯವಿಲ್ಲ.

ಕಾರಣ ಸರಳ. 2025ರ ಜನವರಿಯಲ್ಲಿ ಡೊನಾಲ್ಡ್ ಟ್ರಂಪ್ ಅಧಿಕಾರ ವಹಿಸಿಕೊಂಡ ದಿನವೇ ಅಮೆರಿಕದ ವಿದೇಶಿ ನೆರವಿಗೆ 90 ದಿನಗಳ ತಡೆ ಬಿತ್ತು. ಜುಲೈ 1ರ ಹೊತ್ತಿಗೆ ಯುಎಸ್‌ಏಡ್ ಸಂಸ್ಥೆಯೇ ಬಾಗಿಲು ಮುಚ್ಚಿತು. ಆಫ್ರಿಕಾದಲ್ಲಿ ಚರ್ಚ್ ಸಂಬಂಧಿತ ಆಸ್ಪತ್ರೆ, ಆಹಾರ ಮತ್ತು ಎಚ್‌ಐವಿ ಚಿಕಿತ್ಸಾ ಕಾರ್ಯಕ್ರಮಗಳ ಪೈಕಿ ಅನೇಕವು ಇದೇ ಹಣದ ಮೇಲೆ ನಿಂತಿದ್ದವು. ದಾನಿ ಎದ್ದು ಹೋದ ಮೇಲೆ ಯೋಜನೆ ನಡೆಯುತ್ತದೆಯೇ ಎಂಬ ಪ್ರಶ್ನೆಗೆ ಈಗ ಹಳ್ಳಿಗಳೇ ಉತ್ತರ ಕೊಡಬೇಕಾಗಿದೆ.

ಸಾಂತಾಕ್ರೂಜ್‌ಗೂ ಆಫ್ರಿಕಾಕ್ಕೂ ನಂಟು

ಈ ಚರ್ಚೆ ಮುಂಬೈ ಉಪನಗರಕ್ಕೆ ದೂರದ್ದೇನಲ್ಲ. 1950ರಲ್ಲಿ ಏರ್ ಇಂಡಿಯಾ ಇಂಟರ್‌ನ್ಯಾಷನಲ್ ಮುಂಬೈಯಿಂದ ನೈರೋಬಿಗೆ ವಿಮಾನ ಸೇವೆ ಆರಂಭಿಸಿದಾಗ ನಗರದ ವಿಮಾನ ನಿಲ್ದಾಣ ಇದ್ದದ್ದು ಸಾಂತಾಕ್ರೂಜ್‌ನಲ್ಲಿ. ಇಲ್ಲಿನ ಕಲೀನಾದಲ್ಲಿರುವ ಮುಂಬೈ ವಿಶ್ವವಿದ್ಯಾಲಯದ ಆವರಣದಲ್ಲಿ 1971ರಲ್ಲಿ ಸ್ಥಾಪನೆಯಾದ ಆಫ್ರಿಕಾ ಅಧ್ಯಯನ ಕೇಂದ್ರವಿದೆ. ಅದೇ ಆವರಣದಲ್ಲಿ ಕನ್ನಡ ವಿಭಾಗವೂ ಇದೆ.

ಕರಾವಳಿ ಕರ್ನಾಟಕದಿಂದ ಬಂದ ಕ್ರೈಸ್ತ ಕುಟುಂಬಗಳು ಸಾಂತಾಕ್ರೂಜ್, ಕಲೀನಾ, ವಾಕೋಲಾ ಭಾಗದಲ್ಲಿ ಬಹುಕಾಲದಿಂದ ನೆಲೆಸಿವೆ. ಈಗ ಭಾರತದ ಚರ್ಚ್ ಮಿಷನರಿಗಳನ್ನು ಬರಮಾಡಿಕೊಳ್ಳುವುದು ಮಾತ್ರವಲ್ಲ, ಕಳುಹಿಸಿಕೊಡುತ್ತದೆ ಕೂಡ. ಕೋಲ್ಕತ್ತದ ಮಿಷನರೀಸ್ ಆಫ್ ಚಾರಿಟಿ 1968ರಲ್ಲೇ ತಾಂಜಾನಿಯಾದ ತಬೋರಾದಲ್ಲಿ ಕೇಂದ್ರ ತೆರೆದಿತ್ತು. ಮಂಗಳೂರಿನಲ್ಲಿ ಬೇರು ಬಿಟ್ಟ ಅಪೊಸ್ಟೋಲಿಕ್ ಕಾರ್ಮೆಲ್ ಸಭೆಯ ಭಗಿನಿಯರು ಕೀನ್ಯಾದಲ್ಲಿ ಕೆಲಸ ಮಾಡುತ್ತಿದ್ದಾರೆ. ಹೀಗೆ ಹೋದವರು ಎರಡು ವಾರಕ್ಕೆ ಮರಳುವವರಲ್ಲ. ಭೇಟಿಗೂ ಸೇವೆಗೂ ಇರುವ ವ್ಯತ್ಯಾಸ ಇಲ್ಲಿಂದಲೇ ಶುರುವಾಗುತ್ತದೆ.

ಕನ್ನಡ ನಾಡು ಕಂಡ ಮಿಷನ್

ಮಿಷನ್ ಯೋಜನೆಯನ್ನು ಸ್ವೀಕರಿಸುವ ಕಡೆ ನಿಂತು ನೋಡಿದ ಅನುಭವ ಕನ್ನಡಿಗರಿಗಿದೆ. ಸ್ವಿಟ್ಜರ್ಲೆಂಡ್‌ನ ಬಾಸೆಲ್ ಮಿಷನ್ 1828ರಲ್ಲಿ ಇಂದಿನ ಘಾನಾಕ್ಕೆ, 1834ರಲ್ಲಿ ಮಂಗಳೂರಿಗೆ ತನ್ನ ಜನರನ್ನು ಕಳುಹಿಸಿತು. ಒಂದೇ ಸಂಸ್ಥೆ, ಎರಡು ಖಂಡ.

ಘಾನಾದಲ್ಲಿ ಆರಂಭದ ಫಲ ಭೀಕರವಾಗಿತ್ತು. ಮೊದಲ ವರ್ಷಗಳಲ್ಲಿ ಹೋದ ಬಹುತೇಕರು ಜ್ವರಕ್ಕೆ ಬಲಿಯಾದರು. ಅಲ್ಲಿ ಮಿಷನ್ ಚೇತರಿಸಿಕೊಂಡದ್ದು 1843ರಲ್ಲಿ ವೆಸ್ಟ್ ಇಂಡೀಸ್‌ನಿಂದ ಕಪ್ಪು ಜನಾಂಗದ ಕ್ರೈಸ್ತ ಕುಟುಂಬಗಳನ್ನು ಕರೆತಂದು ಅಕ್ರೊಪಾಂಗ್ ಊರಿನಲ್ಲಿ ನೆಲೆಗೊಳಿಸಿದ ಮೇಲೆ. ಅವರು ಮನೆ ಕಟ್ಟಿದರು, ಬೇಸಾಯ ಮಾಡಿದರು. ಅದೇ 1843ರಲ್ಲಿ ಮಂಗಳೂರಿನಲ್ಲಿ ಹರ್ಮನ್ ಮೊಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರತಂದರು.

ಎರಡೂ ಕಡೆ ಭಾಷೆಗೆ ಮೊದಲ ಸ್ಥಾನ ಸಿಕ್ಕಿತು. ಘಾನಾದ ಟ್ವಿ ಭಾಷೆಗೆ ಯೊಹಾನ್ ಕ್ರಿಸ್ಟಾಲರ್ 1881ರಲ್ಲಿ ನಿಘಂಟು ಕೊಟ್ಟರೆ, 1894ರಲ್ಲಿ ಫರ್ಡಿನಾಂಡ್ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಪ್ರಕಟವಾಯಿತು. 1865ರಲ್ಲಿ ಮಂಗಳೂರಿನಲ್ಲಿ ಮಿಷನ್‌ನ ಹಂಚಿನ ಕಾರ್ಖಾನೆ ಶುರುವಾಯಿತು. ಆ ವಿದ್ಯೆ ಕಾರ್ಖಾನೆಯ ಗೋಡೆಯೊಳಗೆ ಉಳಿಯಲಿಲ್ಲ. ಸ್ಥಳೀಯ ಉದ್ಯಮಿಗಳೇ ಕಾರ್ಖಾನೆ ತೆರೆದು 'ಮಂಗಳೂರು ಹಂಚು' ಎಂಬ ಹೆಸರನ್ನು ಕಡಲಾಚೆಗೂ ಒಯ್ದರು.

ಟೀಕೆಗಳು ಇರಲಿಲ್ಲ ಎಂದಲ್ಲ. ಮತಾಂತರಗೊಂಡು ತಮ್ಮ ಸಮುದಾಯದಿಂದ ಹೊರಬಿದ್ದವರಿಗೆ ಉದ್ಯೋಗ ಕೊಡುವುದು ಆ ಕಾರ್ಖಾನೆಗಳ ಉದ್ದೇಶಗಳಲ್ಲೊಂದಾಗಿತ್ತು. ಅನ್ನ ಮತ್ತು ನಂಬಿಕೆ ಒಂದೇ ಕೈಯಿಂದ ಬಂದಾಗ ಆಯ್ಕೆ ಎಷ್ಟು ಮುಕ್ತ ಎಂಬ ಪ್ರಶ್ನೆ ಅಂದೂ ಇತ್ತು, ಇಂದು ಆಫ್ರಿಕಾದಲ್ಲೂ ಇದೆ.

ಶತಮಾನದ ಹಿಂದಿನ 'ನೆರವು ಕಡಿತ'

ನಿಜವಾದ ಪರೀಕ್ಷೆ ಬಂದದ್ದು ಮೊದಲ ಮಹಾಯುದ್ಧದಲ್ಲಿ. ಜರ್ಮನ್ ಮಿಷನರಿಗಳನ್ನು ಬ್ರಿಟಿಷ್ ಆಡಳಿತ ಭಾರತದಲ್ಲಿ ಬಂಧನದಲ್ಲಿಟ್ಟಿತು. ಘಾನಾದಿಂದ 1917ರ ಕೊನೆಗೆ ಹೊರಹಾಕಿತು. ಇಲ್ಲಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಕೈಸೇರಿದವು.

ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅದು ರಾತ್ರೋರಾತ್ರಿ ನೆರವು ನಿಂತ ಸ್ಥಿತಿ. ಆದರೂ ಎಲ್ಲವೂ ಕುಸಿಯಲಿಲ್ಲ. ಘಾನಾದಲ್ಲಿ ಸ್ಕಾಟ್ಲೆಂಡ್‌ನ ಮಿಷನ್ ನೆರವಿಗೆ ಬಂದರೂ ಸ್ಥಳೀಯ ಚರ್ಚ್ ತನ್ನ ಆಡಳಿತವನ್ನು ತಾನೇ ವಹಿಸಿಕೊಳ್ಳಲು ಕಲಿತದ್ದು ಆಗಲೇ. ಮಂಗಳೂರಿನಲ್ಲಿ ಹಂಚಿನ ಉದ್ಯಮ ನಿಲ್ಲಲಿಲ್ಲ. ಅದನ್ನು ನಡೆಸಬಲ್ಲವರು ಊರಿನಲ್ಲೇ ಇದ್ದರು. ಹಣ ಕೊಟ್ಟವರು ಹೋದರೂ ಕೆಲಸ ಬಲ್ಲವರು ಉಳಿದಿದ್ದರು ಎಂಬುದೇ ಇಲ್ಲಿನ ಪಾಠ.

ಅಲ್ಪಾವಧಿಯ ಪ್ರವಾಸಗಳ ದೌರ್ಬಲ್ಯ ಇರುವುದೂ ಇಲ್ಲೇ. ಸ್ಥಳೀಯ ಗಾರೆ ಕೆಲಸದವರು ಮಾಡಬಹುದಾದ ಕೆಲಸಕ್ಕೆ ವಿಮಾನ ಹತ್ತಿ ಬಂದ ಹದಿಹರೆಯದವರು ಇಟ್ಟಿಗೆ ಹೊರುತ್ತಾರೆ. ಪಂಪ್ ಕೊಡುವವರು ಸಿಗುತ್ತಾರೆ, ಅದರ ವಾಷರ್ ಬದಲಿಸಲು ಕಲಿಸುವವರು ಸಿಗುವುದಿಲ್ಲ. ಅನಾಥಾಶ್ರಮಗಳ ಭೇಟಿಯಂತೂ ಹೆಚ್ಚು ಅಪಾಯಕಾರಿ. ಭೇಟಿ ನೀಡುವವರ ದೇಣಿಗೆಯೇ ಆದಾಯವಾದಾಗ ಹೆತ್ತವರಿರುವ ಮಕ್ಕಳನ್ನೂ ಆಶ್ರಮಕ್ಕೆ ಸೇರಿಸುವ ಪ್ರವೃತ್ತಿ ಬೆಳೆಯುತ್ತದೆ. ಕೀನ್ಯಾ ಸರ್ಕಾರ 2017ರಲ್ಲಿ ಹೊಸ ಮಕ್ಕಳ ಆಶ್ರಮಗಳ ನೋಂದಣಿಗೆ ತಡೆ ಹಾಕಿತು.

ಹಾಗೆಂದು ಭೇಟಿಗಳೇ ಬೇಡ ಎನ್ನಲಾಗದು. ದೇಣಿಗೆ ಕೊಟ್ಟವರು ಕಣ್ಣಾರೆ ನೋಡುವುದರಿಂದ ಲೆಕ್ಕ ಕೇಳುವ ಹಕ್ಕು ಬರುತ್ತದೆ, ವರದಿಯಲ್ಲಿ ಕಾಣದ ಸಂಗತಿ ತಿಳಿಯುತ್ತದೆ. ಷರತ್ತು ಒಂದೇ: ಹೋದವರು ಕಲಿಯಲು ಹೋಗಬೇಕು, ಕೈತುಂಬ ಕೊಟ್ಟು ಬರಲು ಅಲ್ಲ.

ಹಣದ ದಾರಿಗೆ ಕಾನೂನಿನ ಬೇಲಿ

ಭಾರತದ ತಂಡಗಳಿಗೆ ಮತ್ತೊಂದು ಸಂಗತಿ ಮುಖ್ಯ. ವಿದೇಶದಿಂದ ಬರುವ ದೇಣಿಗೆಗೆ ಎಫ್‌ಸಿಆರ್‌ಎ ಕಾಯ್ದೆಯಿದೆ. 2020ರ ತಿದ್ದುಪಡಿಯಿಂದ ಆಡಳಿತ ವೆಚ್ಚದ ಮಿತಿ ಶೇ 50ರಿಂದ ಶೇ 20ಕ್ಕೆ ಇಳಿದಿದೆ. ಪಡೆದ ವಿದೇಶಿ ಹಣವನ್ನು ಬೇರೆ ಸಂಸ್ಥೆಗೆ ವರ್ಗಾಯಿಸುವಂತಿಲ್ಲ. 2021ರ ಡಿಸೆಂಬರ್‌ನಲ್ಲಿ ಮಿಷನರೀಸ್ ಆಫ್ ಚಾರಿಟಿಯ ನೋಂದಣಿ ನವೀಕರಣ ನಿರಾಕರಣೆಯಾಗಿ, ಮರು ತಿಂಗಳೇ ಮರಳಿ ಸಿಕ್ಕಿತು. 2024ರಲ್ಲಿ ವರ್ಲ್ಡ್ ವಿಷನ್ ಇಂಡಿಯಾದ ನೋಂದಣಿ ರದ್ದಾಯಿತು.

ಹೊರಗೆ ಹೋಗುವ ಹಣಕ್ಕೂ ನಿಯಮಗಳಿವೆ. ಭಾರತದ ಧರ್ಮಾರ್ಥ ಟ್ರಸ್ಟ್ ತನ್ನ ಆದಾಯವನ್ನು ವಿದೇಶದಲ್ಲಿ ಖರ್ಚು ಮಾಡಿದರೆ, ವಿಶೇಷ ಅನುಮೋದನೆ ಇಲ್ಲದೆ ಆ ಮೊತ್ತಕ್ಕೆ ಸಾಮಾನ್ಯವಾಗಿ ತೆರಿಗೆ ವಿನಾಯಿತಿ ಸಿಗದು. ಹೀಗಾಗಿ ಇಲ್ಲಿನ ಧರ್ಮಕೇಂದ್ರವೊಂದು ತಾಂಜಾನಿಯಾದ ಹಳ್ಳಿಗೆ ಶಾಲೆ ಕಟ್ಟಿಕೊಡುವುದು ಅಂದುಕೊಂಡಷ್ಟು ಸುಲಭವಲ್ಲ. ಭಾರತೀಯರ ಬಳಿ ಕೊಡಲು ಇರುವುದು ಮುಖ್ಯವಾಗಿ ಜನ ಮತ್ತು ವಿದ್ಯೆ: ನರ್ಸ್, ಶಿಕ್ಷಕಿ, ಕೃಷಿ ಬಲ್ಲವರು, ಸ್ವಸಹಾಯ ಸಂಘ ಕಟ್ಟಿದ ಅನುಭವ.

ಹೊರಡುವ ಮುನ್ನ ಕೇಳಬೇಕಾದ್ದು

ಆಹ್ವಾನಿಸಿದವರು ಯಾರು, ಹಳ್ಳಿಯವರೋ ದಾನಿಗಳೋ? ಯೋಜನೆಯ ಲೆಕ್ಕಪುಸ್ತಕ ಯಾರ ಕೈಯಲ್ಲಿದೆ? ನಂಬಿಕೆ ಬೇರೆಯಾದವರಿಗೂ ಅದೇ ನೀರು, ಅದೇ ಔಷಧ ಸಿಗುತ್ತದೆಯೇ? ಹಣ ನಿಂತ ಮರುವರ್ಷ ಅದನ್ನು ನಡೆಸುವವರ ಹೆಸರು ಹೇಳಬಲ್ಲಿರಾ? ಈ ನಾಲ್ಕು ಪ್ರಶ್ನೆಗಳಿಗೆ ಉತ್ತರವಿದ್ದರೆ ಪ್ರವಾಸಕ್ಕೆ ಅರ್ಥವಿದೆ. ಇಲ್ಲದಿದ್ದರೆ ಅದು ಫೋಟೊ ಆಲ್ಬಮ್ ಅಷ್ಟೆ. ಸಾಂತಾಕ್ರೂಜ್‌ನಿಂದ ಹೊರಡುವವರಿಗಂತೂ ಆಫ್ರಿಕಾದ ಮೊದಲ ಪಾಠ ಕಲೀನಾದಲ್ಲೇ ಸಿಗುತ್ತದೆ.