ತಾಯಿಯ ಹಾಲಿಗೂ ಹಾಸನದ ದಾರಿ ಬೇಕು

32 ವಾರಕ್ಕೂ ಮೊದಲೇ ಹುಟ್ಟಿದ ಮಗುವಿಗೆ ಹಾಲು ಚೀಪಲು ಬಾರದು. ಚೀಪುವುದು, ನುಂಗುವುದು, ಉಸಿರಾಡುವುದು ಮೂರೂ ಹೊಂದಿಕೊಳ್ಳಲು ಸುಮಾರು 34 ವಾರ ತುಂಬಬೇಕು. ಅಲ್ಲಿಯವರೆಗೆ ಹೊಟ್ಟೆಗೆ ಇಳಿಸಿದ ಸಣ್ಣ ಕೊಳವೆಯೇ ಗತಿ. ಹಾಲೂಡಿಸುವ ಒಳಲೆಯ ಸರದಿ ಆಮೇಲೆ. ಗರ್ಭದ ಕೊನೆಯ ತಿಂಗಳುಗಳಲ್ಲಿ ತಾಯಿಯಿಂದ ಇಳಿದುಬರಬೇಕಿದ್ದ ರೋಗನಿರೋಧಕ ಅಂಶಗಳೂ ಇಂಥ ಮಗುವಿಗೆ ಪೂರ್ತಿ ದಕ್ಕಿರುವುದಿಲ್ಲ. ಬಲಿಯದ ಕರುಳಿನ ಪೊರೆಯನ್ನು ದಾಟಿದ ಬ್ಯಾಕ್ಟೀರಿಯಾ ರಕ್ತಕ್ಕೇ ಸೇರಬಹುದು. ಎಲ್ಲಕ್ಕಿಂತ ಭಯದ್ದು ಕರುಳು ಕೊಳೆಯುವ ನೆಕ್ರೊಟೈಸಿಂಗ್ ಎಂಟರೊಕೊಲೈಟಿಸ್. ಹೊಟ್ಟೆ ಉಬ್ಬುತ್ತದೆ, ವಾಂತಿ ಹಸಿರಾಗುತ್ತದೆ, ಮಲದಲ್ಲಿ ರಕ್ತ ಕಾಣುತ್ತದೆ.

ಬ್ರಿಟನ್ನಿನ ಲೂಕಾಸ್ ಮತ್ತು ಕೋಲ್ 926 ಅವಧಿಪೂರ್ವ ಶಿಶುಗಳನ್ನು ಗಮನಿಸಿ 1990ರಲ್ಲಿ ವರದಿ ಮಾಡಿದರು. ಬರೀ ಡಬ್ಬಿ ಹಾಲು ಕುಡಿದವುಗಳಲ್ಲಿ ಈ ಕಾಯಿಲೆ, ಬರೀ ಎದೆಹಾಲು ಕುಡಿದವುಗಳಿಗಿಂತ 6ರಿಂದ 10 ಪಟ್ಟು ಹೆಚ್ಚಿತ್ತು. ತೀರ ಸಣ್ಣ ಮಗುವಿಗೆ ಎದೆಹಾಲಿನ ಪ್ರೋಟೀನು, ಕ್ಯಾಲ್ಸಿಯಂ ಸಾಲದೆ ವೈದ್ಯರು ಪೋಷಕಾಂಶ ಬೆರೆಸುವುದುಂಟು. ಹಾಗೆಂದು ಎದೆಹಾಲನ್ನೇ ಕೈಬಿಡುವಂತಿಲ್ಲ.

ಕರು ಹಾಕಿದ ದಿನವೇ ಗಿಣ್ಣು ಕುಡಿಸದಿದ್ದರೆ ಕರು ಏಳಿಗೆಯಾಗದೆಂದು ಚನ್ನರಾಯಪಟ್ಟಣದ ಹೈನುಗಾರರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮನುಷ್ಯರ ಮಗುವಿಗೂ ಗಿಣ್ಣೇ ಮೊದಲ ರಕ್ಷೆ. ಹಳದಿ ಹಾಲು ಕೆಟ್ಟದ್ದೆಂದು ಹಿಂಡಿ ಚೆಲ್ಲಿ, ಜೇನನ್ನೋ ಸಕ್ಕರೆ ನೀರನ್ನೋ ನೆಕ್ಕಿಸುವುದು ಈ ಮಕ್ಕಳ ಪಾಲಿಗೆ ಅಪಾಯ. ಒಂದು ಕಿಲೊ ತೂಗುವ ಮಗುವಿಗೆ ಮೊದಲು ಎರಡು ಗಂಟೆಗೊಮ್ಮೆ ಹಾಕುವುದು ಒಂದೆರಡು ಮಿಲಿಲೀಟರ್. ಅಷ್ಟು ಗಿಣ್ಣನ್ನು ಬಾಣಂತಿ ಸ್ವಚ್ಛ ಬಟ್ಟಲಿಗೆ ಕೈಯಲ್ಲೇ ಹಿಂಡಬಲ್ಲಳು. "ಹಾಲೇ ಬಂದಿಲ್ಲ" ಎಂಬ ಮಾತು ಬಹಳ ಸಲ ಅವಸರದ್ದು.

ಹೊಳೆನರಸೀಪುರದಲ್ಲೋ ಅರಕಲಗೂಡಿನಲ್ಲೋ ಇಂಥ ಮಗು ಹುಟ್ಟಿದರೆ ಆಂಬುಲೆನ್ಸ್ ಹಾಸನದ ದೊಡ್ಡ ಆಸ್ಪತ್ರೆಯತ್ತ ಹೊರಡುತ್ತದೆ. ಸಿಸೇರಿಯನ್ ಆದ ತಾಯಿ ತಾಲ್ಲೂಕು ಆಸ್ಪತ್ರೆಯಲ್ಲೇ ಉಳಿದರೆ ಮಗು ಹಾಲಿನಿಂದ ಮೂವತ್ತು ಕಿಲೊಮೀಟರ್ ದೂರವಾಯಿತು. ಡಬ್ಬಿ ಪುಡಿ ಒಳಹೊಗುವುದು ಆ ಸಂದಿನಲ್ಲೇ. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ 2022ರಲ್ಲಿ ಎದೆಹಾಲಿನ ಬ್ಯಾಂಕ್ ಶುರುವಾಯಿತು, ಒಳ್ಳೆಯ ಕೆಲಸ. ಆದರೆ ದಾನದ ಹಾಲನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಕಾಯಿಸುವಾಗ ರಕ್ಷಕ ಅಂಶಗಳಲ್ಲಿ ಕೆಲವು ನಶಿಸುತ್ತವೆ. ಹೆತ್ತವಳ ಹಾಲಿಗೇ ಮೊದಲ ಮಣೆ.

ತಾಯಿಯ ಆರೋಗ್ಯ ತಡೆಯುವಂತಿದ್ದರೆ ನಿಲ್ಲಲಿ, ಇಲ್ಲದಿದ್ದರೆ ಅವಳೂ ಅದೇ ಗಾಡಿಯಲ್ಲಿ ಬರಲಿ. ಬರಲಾಗದವಳು ಹಿಂಡಿದ ಹಾಲು ಫ್ರಿಡ್ಜ್‌ನಲ್ಲಿ 24 ಗಂಟೆ ಕೆಡುವುದಿಲ್ಲ; ಐಸ್ ಪೆಟ್ಟಿಗೆಯಲ್ಲಿ ಬರಬಹುದು. ಇದೇ ತಾಲ್ಲೂಕುಗಳ ಹಸುವಿನ ಹಾಲು ದಿನವೂ ಕೆಡದೆ ಟ್ಯಾಂಕರಿನಲ್ಲಿ ಹಾಸನದ ಡೈರಿ ಸೇರುತ್ತದೆ. ತಾಯಿಯೊಬ್ಬಳ ಐದು ಮಿಲಿಲೀಟರ್ ಹಾಲನ್ನು ಅದೇ ರಸ್ತೆಯಲ್ಲಿ ತರಿಸಲಾಗದು ಎನ್ನುವುದು ಜಿಲ್ಲೆಗೆ ನಾಚಿಕೆಗೇಡು.