ಕೆನಡಾ ಕಲಿಸುವ ಪಾಠ



ಕೆನಡಾಕ್ಕೆ ಹೊರಟಿರುವ ನಮ್ಮ ಹುಡುಗರು ಮೊದಲು ಈ ಲೆಕ್ಕ ತಿಳಿಯಲಿ. ಅಲ್ಲಿನ ಎಕ್ಸ್‌ಪ್ರೆಸ್ ಎಂಟ್ರಿ ಪದ್ಧತಿಯಲ್ಲಿ ಒಂಟಿ ಅರ್ಜಿದಾರನ ವಯಸ್ಸಿಗೆ ಹೆಚ್ಚೆಂದರೆ 110 ಅಂಕ. ಮೊದಲ ಭಾಷೆಗೆ 136! ಮೂವತ್ತು ತುಂಬಿತೆಂದರೆ ವಯಸ್ಸಿನ ಅಂಕ ಕರಗತೊಡಗುತ್ತದೆ. ಭಾಷೆಯ ಅಂಕ ಓದಿದಷ್ಟೂ ಏರುತ್ತದೆ. ಉದ್ಯೋಗದ ಕರೆಪತ್ರಕ್ಕೆ ಸಿಗುತ್ತಿದ್ದ ಶ್ರೇಯಾಂಕವನ್ನು 2025ರ ಮಾರ್ಚಿನಲ್ಲೇ ತೆಗೆದುಹಾಕಿದ್ದಾರೆ. ಆ ಪತ್ರ ಕೊಡಿಸಿ ಅಂಕ ಏರಿಸುತ್ತೇವೆಂದು ಲಕ್ಷಗಟ್ಟಲೆ ಕೇಳುವ ದಲ್ಲಾಳಿಗಳನ್ನು ನಂಬಬೇಡಿ. ಆ ಹಣದಲ್ಲಿ ಫ್ರೆಂಚ್ ಕಲಿಯಿರಿ. ಇಂಗ್ಲಿಷಿನ ಜೊತೆ ಫ್ರೆಂಚೂ ಚೆನ್ನಾಗಿ ಬಂದರೆ 50 ಅಂಕ ಹೆಚ್ಚುವರಿ. 2023ರಿಂದ ಫ್ರೆಂಚ್ ಬಲ್ಲವರಿಗೆಂದೇ ಪ್ರತ್ಯೇಕ ಸುತ್ತಿನ ಆಹ್ವಾನವೂ ಇದೆ.

ಯಾಕೆ ಗೊತ್ತೇ? ಕ್ವಿಬೆಕ್ ಪ್ರಾಂತ್ಯದ ಹೊರಗೆ ಫ್ರೆಂಚ್ ಅಲ್ಪಸಂಖ್ಯಾತರ ನುಡಿ. ಅದು ಸೊರಗಬಾರದೆಂದು ಸರ್ಕಾರವೇ ಅಂಕ ಇಟ್ಟು ಕಾಯುತ್ತಿದೆ. ಅದನ್ನು ಸಂಕುಚಿತ ಬುದ್ಧಿ ಎನ್ನದೆ ನಮ್ಮವರೂ ದುಡ್ಡು ತೆತ್ತು ಕಲಿಯುತ್ತಾರೆ. ಇಲ್ಲೋ? ಕನ್ನಡಿಗರಿಗೆ ಉದ್ಯೋಗ ಕೊಡಿ ಎಂದ ಡಾ. ಸರೋಜಿನಿ ಮಹಿಷಿ ಸಮಿತಿ 1986ರಲ್ಲೇ ಅಂತಿಮ ವರದಿ ಕೊಟ್ಟಿತು. ಇಂದಿಗೂ ಬೆಂಗಳೂರಿನ ಎಷ್ಟು ಕಂಪನಿಗಳು ಕನ್ನಡ ಬಲ್ಲವನಿಗೆ ಒಂದಾದರೂ ಅಂಕ ಕೊಡುತ್ತವೆ, ಹೇಳಿ?

ಹೋಗುವವರು ಅಲ್ಲಿನ ನುಡಿ ಕಲಿತೇ ಹೋಗಿ. ಇಲ್ಲಿಗೆ ಬರುವವರು ಕನ್ನಡ ಕಲಿಯಲಿ ಎಂದು ಅಷ್ಟೇ ಗಟ್ಟಿಯಾಗಿ ಕೇಳಿ!