ದೊಡ್ಡ ರಸ್ತೆ, ಪಕ್ಕದ ರಸ್ತೆ

ಹಾಸ್ಟೆಲಿನ ಗೆಳೆಯರೇ,

ಬೆಂಗಳೂರು-ಮೈಸೂರು ಹೆದ್ದಾರಿಯನ್ನು 2023ರ ಮಾರ್ಚ್ 12ರಂದು ಪ್ರಧಾನಿ ಉದ್ಘಾಟಿಸಿದರು. 118 ಕಿಲೋಮೀಟರ್ ದಾರಿ, ಸುಮಾರು 8,480 ಕೋಟಿ ರೂಪಾಯಿ ಖರ್ಚು. ನಡುವೆ ಆರು ಪಥ, ಎರಡೂ ಬದಿಗೆ ಸರ್ವಿಸ್ ರಸ್ತೆ. 3 ಗಂಟೆಯ ಪ್ರಯಾಣ 75 ನಿಮಿಷಕ್ಕೆ ಇಳಿಯುತ್ತೆ ಅಂತ ಸರ್ಕಾರ ಹೇಳಿತು. ಸಂತೋಷ. ಆದರೆ ಯಾರ ಪ್ರಯಾಣ?

ಅದೇ ವರ್ಷ ಆಗಸ್ಟ್ 1ರಿಂದ ಆ ಆರು ಪಥಕ್ಕೆ ಬೈಕು, ಸ್ಕೂಟರು, ಆಟೋ, ಟ್ರ್ಯಾಕ್ಟರು, ಸೈಕಲ್ಲು, ಎತ್ತಿನಗಾಡಿ ಬರಕೂಡದು ಅಂತ ಆಜ್ಞೆಯಾಯ್ತು. ವೇಗದ ಗಾಡಿಗಳ ನಡುವೆ ನಿಧಾನದ ಗಾಡಿ ಸಿಕ್ಕರೆ ಜೀವ ಹೋಗುತ್ತೆ ಅನ್ನೋದು ಕಾರಣ. ಕಾರಣ ಸುಳ್ಳಲ್ಲ. ಆದರೆ ಆ ಪಟ್ಟಿಯನ್ನು ಇನ್ನೊಮ್ಮೆ ಓದಿ. ಅದರಲ್ಲಿ ಜಾತಿಯ ಹೆಸರಿಲ್ಲ. ಕಾರಿಲ್ಲದವರ ಪಟ್ಟಿ ಅದು. ಕಾರಿಲ್ಲದವರು ಯಾವ ಕೇರಿಯಲ್ಲಿ ಹೆಚ್ಚು ಅಂತ ನಿಮಗೆ ಹೇಳಬೇಕಾಗಿಲ್ಲ.

ರಸ್ತೆ ಅನ್ನೋದು ನಮಗೆ ಬರೀ ಡಾಂಬರಿನ ಮಾತಲ್ಲ. 1924ರಲ್ಲಿ ತಿರುವಾಂಕೂರಿನ ವೈಕಂನಲ್ಲಿ ದೇವಸ್ಥಾನದ ಸುತ್ತಲ ಬೀದಿಯಲ್ಲಿ ನಡೆಯೋದಕ್ಕೇ ಸತ್ಯಾಗ್ರಹ ಮಾಡಬೇಕಾಯ್ತು. ಗುಡಿಯೊಳಕ್ಕೆ ಹೋಗೋಕಲ್ಲ, ಬೀದೀಲಿ ನಡೆಯೋಕೆ! ಸಂವಿಧಾನದ 15(2)ನೇ ವಿಧಿ ಬಾವಿ, ಕೆರೆ, ಸ್ನಾನಘಟ್ಟಗಳ ಜೊತೆ ರಸ್ತೆಯನ್ನೂ ಹೆಸರಿಸಿದೆ. ಸರ್ಕಾರದ ದುಡ್ಡಿನ ರಸ್ತೆಯಲ್ಲಿ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯುವಂತಿಲ್ಲ. ವೇಗದ ಹೆಸರಲ್ಲಿ ಕೆಳಗಿಳಿಸಿದರೆ ಆ ವಿಧಿ ಸುಮ್ಮನಿರುತ್ತೆ. ಅಲ್ಲಿ ಬಾಯಿ ಬಿಡಬೇಕಾದವರು ನಾವು.

ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಬದಿಗೆ ಬಿಟ್ಟು ಐದು ಬೈಪಾಸುಗಳಾದವು. ತಟ್ಟೆ ಇಡ್ಲಿ, ಬೊಂಬೆ, ವಡೆ ಮಾರುವವರ ಮುಂದೆ ನಿಲ್ಲುತ್ತಿದ್ದ ಗಾಡಿಗಳು ಊರ ಹೊರಗಿಂದಲೇ ಹೋಗತೊಡಗಿದವು. ಬೇಲಿ ಹಾಕಿದ ಕಡೆ ಹೊಲ ಅತ್ತ, ಮನೆ ಇತ್ತ. ದಾಟೋಕೆ ಹತ್ತಿರದಲ್ಲಿ ಸೇತುವೆ ಇಲ್ಲದಿದ್ದರೆ ಜನ ಬೇಲಿ ಹಾರುತ್ತಾರೆ. ಹಾರಿದವನನ್ನು ಬೈಯೋದು ಸುಲಭ, ಸೇತುವೆ ಕಟ್ಟೋದು ಖರ್ಚು.

ವೇಗ ಬೇಡ ಅಂತ ನಾವು ಹೇಳ್ತಿಲ್ಲ. ನಮ್ಮನ್ನು ಪಕ್ಕದ ರಸ್ತೆಗೆ ಇಳಿಸಿದ ಮೇಲೆ ಅದೂ ರಸ್ತೆಯಂತಿರಬೇಕು. ಎಲ್ಲೂ ಕಡಿಯದೆ ಊರಿಂದೂರಿಗೆ ಸಾಗಬೇಕು. ಮಳೆನೀರು ನಿಲ್ಲಬಾರದು, ರಾತ್ರಿ ದೀಪ ಉರಿಯಬೇಕು. ಸ್ಕೂಲು, ಹಾಸ್ಟೆಲುಗಳ ಹತ್ತಿರ ದಾಟುವ ಸೇತುವೆ ಬೇಕು. ಬಸ್ಸು ಊರೊಳಕ್ಕೆ ಬಂದು ನಿಲ್ಲಬೇಕು.

ಈ ಭಾನುವಾರ ನಿಮ್ಮ ಹಾಸ್ಟೆಲಿನ ಹತ್ತಿರದ ಹೆದ್ದಾರಿ ಯಾವುದೇ ಇರಲಿ, ಅದರ ಪಕ್ಕ ನಡೆದು ನೋಡಿ. ದಾರಿ ಎಲ್ಲಿ ಕಡಿದಿದೆ, ಮಕ್ಕಳು ಎಲ್ಲಿ ದಾಟುತ್ತಾರೆ, ಬರೆದುಕೊಳ್ಳಿ. ಎಲ್ಲರ ಸಹಿ ಹಾಕಿಸಿ ಡಿಸಿ ಆಫೀಸಿಗೆ ಒಯ್ಯೋಣ.